ವಾಟರ್‌ಕ್ರೆಸ್ ಪಾತಿ ದಾಟಿದ ನೀರಲ್ಲಿ ಫಾಸ್ಫೇಟ್ ಮಾತ್ರ ಏರುವುದೇಕೆ?

ವಾಟರ್‌ಕ್ರೆಸ್ ಅಂದರೆ ಹರಿಯುವ ನೀರಿನ ಪಾತಿಯಲ್ಲಿ ಬೆಳೆಯುವ ಸೊಪ್ಪು. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಅದರ ಪಾತಿಗಳಿಂದ ಹೊರಬರುವ ನೀರಲ್ಲಿ ನೈಟ್ರೇಟ್ ಹೆಚ್ಚುಕಡಿಮೆ ಒಳಬಂದಷ್ಟೇ ಇದೆ, ಫಾಸ್ಫೇಟ್ ಮಾತ್ರ ಏರಿದೆ, ಯಾಕೆ ಅಂತ ಕೇಳಿದ್ದೀರಿ. ಅಲ್ಲಿನ ಸುಣ್ಣಕಲ್ಲಿನ ಅಂತರ್ಜಲದಲ್ಲಿ ನೈಟ್ರೇಟ್ ಮೊದಲೇ ಧಾರಾಳ. ಬೆಳೆ ಒಂದಿಷ್ಟು ಹೀರಿದರೂ ಹರಿದುಹೋಗುವ ನೀರಿನೆದುರು ಅದು ಲೆಕ್ಕಕ್ಕಿಲ್ಲ. ಆ ನೀರಲ್ಲಿ ರಂಜಕ (ಫಾಸ್ಫೇಟ್‌ನಲ್ಲಿರುವ ಧಾತು) ತೀರಾ ಕಡಿಮೆ, ಹಾಗಾಗಿ ಗೊಬ್ಬರವಾಗಿ ಹಾಕುತ್ತಾರೆ; ಬೇಗ ಕರಗುವಂಥದ್ದಾದರೆ ಬೇರಿಗೆ ಸಿಗುವ ಮುನ್ನವೇ ತೊರೆ ಸೇರುತ್ತದೆ.

ದೊಡ್ಡ ಪೆಟ್ಟು ಬೀಳುವುದು ಕೊಯ್ಲಾದ ಮೇಲೆ ಪಾತಿ ಕೆರೆದು ತೊಳೆಯುವ ದಿನ. ಹೂಳಿಗಂಟಿದ ರಂಜಕವೆಲ್ಲ ಒಮ್ಮೆಲೇ ಹೊರಡುತ್ತದೆ. ತಿಂಗಳಿಗೊಂದು ಮಾದರಿ ತೆಗೆದರೆ ಇದು ಕಣ್ಣಿಗೇ ಬೀಳದು. ಆ ದಿನವೇ ಒಳಹರಿವು, ಹೊರಹರಿವು ಎರಡರಲ್ಲೂ ಮಾದರಿ ತೆಗೆಯಿರಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ್ದನ್ನೂ ಸೋಸದ್ದನ್ನೂ ಬೇರೆಬೇರೆ ಅಳೆಯಿರಿ. ಹೊರಹರಿವಿನ ಸೋಸಿದ, ಸೋಸದ ನೀರಿನ ರಂಜಕದಲ್ಲಿ ವ್ಯತ್ಯಾಸ ಹೆಚ್ಚಿದ್ದರೆ ತಪ್ಪು ಹೂಳಿನದು: ತೊಳೆದ ನೀರನ್ನು ಹೂಳು ತಂಗುವ ಹೊಂಡಕ್ಕೆ ತಿರುಗಿಸಿ, ಹೊಂಡದ ಹೂಳನ್ನೂ ಆಗಾಗ ಎತ್ತಬೇಕು. ಸೋಸಿದ ನೀರಲ್ಲೇ ರಂಜಕ ಹೆಚ್ಚಿದ್ದರೆ ಹೊಂಡದಿಂದ ಹೆಚ್ಚು ಪ್ರಯೋಜನವಿಲ್ಲ, ಗೊಬ್ಬರವನ್ನೇ ಇಳಿಸಬೇಕು.