ಮ್ಯಾನೇಜರ್ ಬರೀ ‘ಓಕೆ’ ಅಂತಾರೆ, ಏನು ಅರ್ಥ ಮಾಡಿಕೊಳ್ಳಲಿ?

ಪ್ರಶ್ನೆ: ನನ್ನ ಹಳೆಯ ಮ್ಯಾನೇಜರ್ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದರು, ಕೆಲಸ ಚೆನ್ನಾಗಿದ್ದರೆ ಬಾಯ್ತುಂಬ ಹೊಗಳುತ್ತಿದ್ದರು. ಆರು ತಿಂಗಳ ಹಿಂದೆ ಹೊಸಬರು ಬಂದರು. ಇವರದು ಎಲ್ಲದಕ್ಕೂ ಚುಟುಕು ಉತ್ತರ. ‘ಓಕೆ.’, ‘ನೋಡೋಣ.’, ‘ಕಾಲ್ ಮಾಡಿ.’ ಅಷ್ಟೇ, ಮುಂದೊಂದು ಫುಲ್‌ಸ್ಟಾಪ್ ಬೇರೆ. ಕಳೆದ ತಿಂಗಳು ಒಂದು ಪ್ರಾಜೆಕ್ಟ್‌ಗೆ ನಾಲ್ಕು ದಾರಿಗಳನ್ನು ವಿವರಿಸಿ ಉದ್ದನೆಯ ಮೇಲ್ ಕಳಿಸಿದೆ. ‘ಓಕೆ.’ ಎಂದು ಬಂತು. ಎರಡನೆಯ ದಾರಿ ಚೆನ್ನಾಗಿದೆ ಅನಿಸಿ ಶುರು ಮಾಡಿದೆ. ಒಂದು ವಾರ ಬಿಟ್ಟು ಮೀಟಿಂಗ್‌ನಲ್ಲಿ ಎಲ್ಲರೆದುರು ‘ಇದನ್ನು ಮಾಡಿ ಅಂತ ಯಾರು ಹೇಳಿದ್ದು?’ ಎಂದರು. ನನ್ನನ್ನು ಕಂಡರೆ ಅವರಿಗೆ ಆಗುವುದಿಲ್ಲ ಅನಿಸುತ್ತಿದೆ. ರಾತ್ರಿ ಅವರ ಮೆಸೇಜ್‌ಗಳನ್ನು ತೆಗೆದು ಮತ್ತೆ ಮತ್ತೆ ಓದುತ್ತೇನೆ. ‘ನನ್ನ ಮೇಲೆ ಕೋಪವಾ’ ಎಂದು ನೇರವಾಗಿ ಕೇಳಿಬಿಡಲಾ? ಅಥವಾ ಟೀಮ್ ಬದಲಿಸಿಕೊಳ್ಳಲಾ?

ಉತ್ತರ: ಮೊದಲು ಆ ಮೇಲ್ ವಿಷಯ ಮುಗಿಸೋಣ. ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ನಾಲ್ಕು ದಾರಿ ಬರೆದಿರಿ ಸರಿ, ಅದರಲ್ಲಿ ಪ್ರಶ್ನೆ ಎಲ್ಲಿತ್ತು? ಯಾವುದನ್ನು ಮಾಡಲಿ ಎಂದು ಕೇಳಿದ್ದೀರಾ, ನನಗೆ ಇದು ಸರಿ ಕಾಣುತ್ತದೆ ಎಂದು ಹೇಳಿದ್ದೀರಾ, ಯಾವಾಗ ಶುರು ಮಾಡುತ್ತೀರಿ ಎಂದು ತಿಳಿಸಿದ್ದೀರಾ? ನಿಮ್ಮ ಪತ್ರ ನೋಡಿದರೆ ಇಲ್ಲ ಅನಿಸುತ್ತದೆ. ಹಾಗಿದ್ದಮೇಲೆ ಅವರ ‘ಓಕೆ’ ಅಂದರೆ ‘ಮೇಲ್ ಬಂತು’ ಅಂತಲೂ ಇರಬಹುದು, ‘ಆಮೇಲೆ ಓದುತ್ತೇನೆ’ ಅಂತಲೂ ಇರಬಹುದು. ಎರಡನೆಯ ದಾರಿಗೆ ಒಪ್ಪಿಗೆ ಅನ್ನುವುದು ಮಾತ್ರ ನಿಮ್ಮ ಊಹೆ. ಅವರು ‘ಯಾವುದಕ್ಕೆ ಓಕೆ’ ಎಂದು ಬರೆಯಬೇಕಿತ್ತು, ಅದು ಅವರ ತಪ್ಪೇ. ಆದರೆ ನಾನು ಪತ್ರ ಬರೆಯುತ್ತಿರುವುದು ನಿಮಗೆ ಅಲ್ವಾ, ಅವರಿಗಲ್ಲವಲ್ಲ.

ಚುಟುಕಾಗಿ ಉತ್ತರಿಸುವವರನ್ನು ಬದಲಾಯಿಸಲು ಹೋಗಬೇಡಿ, ಅದು ಆಗದ ಕೆಲಸ. ಒಂದೇ ಪದದ ಉತ್ತರ ಬಂದರೂ ಅರ್ಥ ಒಂದೇ ಇರುವ ಹಾಗೆ ನೀವು ಕೇಳಬೇಕು. ಉದಾಹರಣೆಗೆ ಹೀಗೆ ಬರೆಯಿರಿ: ‘ಮೂರು ವಾರದಲ್ಲಿ ಮುಗಿಯುವ ಎರಡನೆಯ ದಾರಿ ನನಗೆ ಸರಿ ಕಾಣುತ್ತದೆ. ಸೋಮವಾರ ಶುರು ಮಾಡಲಾ? ಉಳಿದ ಮೂರರ ವಿವರ ಕೆಳಗಿದೆ.’ ಪ್ರಶ್ನೆ ಮೇಲೆ, ವಿವರ ಕೆಳಗೆ. ಇದಕ್ಕೆ ‘ಓಕೆ’ ಬಂದರೆ ಎರಡನೆಯ ಅರ್ಥ ಹುಡುಕುವ ಗೋಜೇ ಇಲ್ಲ. ಮೀಟಿಂಗ್‌ನಲ್ಲಿ ‘ಯಾರು ಹೇಳಿದ್ದು’ ಎಂದರೂ ನಿಮ್ಮ ಕೈಯಲ್ಲಿ ಉತ್ತರ ಇರುತ್ತದೆ.

ಇನ್ನು ಆ ಫುಲ್‌ಸ್ಟಾಪ್. ನಗಬೇಡಿ, ಇದರ ಬಗ್ಗೆಯೂ ಅಧ್ಯಯನ ನಡೆದಿದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ 126 ವಿದ್ಯಾರ್ಥಿಗಳಿಗೆ ಚುಟುಕು ಉತ್ತರದ ಮೆಸೇಜ್‌ಗಳನ್ನು ತೋರಿಸಿದರು. ಕೊನೆಗೆ ಫುಲ್‌ಸ್ಟಾಪ್ ಇದ್ದ ಉತ್ತರ ಅವರಿಗೆ ಅಷ್ಟು ಮನಃಪೂರ್ವಕ ಅನಿಸಲಿಲ್ಲ. ಕೈಬರಹದ ಚೀಟಿಯಲ್ಲಿ ಅದೇ ಉತ್ತರ ಇದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ನಿಮಗೊಬ್ಬರಿಗೇ ಹಾಗನಿಸಿದ್ದಲ್ಲ, ಸಮಾಧಾನ ಮಾಡಿಕೊಳ್ಳಿ. ಆದರೆ ಅದು ಓದುವವರಿಗೆ ಅನಿಸಿದ್ದು. ಬರೆದವರ ಮನಸ್ಸಲ್ಲಿ ಏನಿತ್ತು ಅನ್ನುವುದು ಬೇರೆ ಮಾತು. ವಾಕ್ಯ ಮುಗಿದರೆ ಚುಕ್ಕಿ ಇಡಬೇಕು ಅಂತ ಕಲಿತು, ಮೆಸೇಜ್‌ನಲ್ಲೂ ಅದನ್ನೇ ಮಾಡುವವರು ಎಷ್ಟೋ ಜನ ಇದ್ದಾರೆ.

ಬರಹದಲ್ಲಿ ದನಿ ಗುರುತಿಸುವುದರಲ್ಲಿ ನಾವು ಅಂದುಕೊಂಡಷ್ಟು ಜಾಣರಲ್ಲ. 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತವರ ಜೊತೆಯವರು ಪ್ರಕಟಿಸಿದ ಪ್ರಯೋಗವೊಂದಿದೆ. ಒಬ್ಬರು ಕೆಲವು ವಾಕ್ಯಗಳನ್ನು ನಿಜವಾಗಿ, ಕೆಲವನ್ನು ವ್ಯಂಗ್ಯವಾಗಿ ಬರೆದು ಇಮೇಲ್ ಮಾಡುವುದು, ಇನ್ನೊಬ್ಬರು ಯಾವುದು ಯಾವುದೆಂದು ಗುರುತಿಸುವುದು. ಬರೆದವರು ಶೇ. 78ರಷ್ಟು ಸರಿಯಾಗಿ ಗೊತ್ತಾಗುತ್ತದೆ ಅಂದುಕೊಂಡಿದ್ದರು. ನಿಜಕ್ಕೂ ಗೊತ್ತಾಗಿದ್ದು ಶೇ. 56. ಸುಮ್ನೆ ನಾಣ್ಯ ಚಿಮ್ಮಿ ಹೇಳಿದ್ದರೂ ಅರ್ಧದಷ್ಟು ಸರಿಹೋಗುತ್ತಿತ್ತು! ಇಡೀ ವಾಕ್ಯಗಳಲ್ಲೇ ಇಷ್ಟು ಎಡವಟ್ಟಾದರೆ, ರಾತ್ರಿ ಹನ್ನೊಂದಕ್ಕೆ, ಸುಸ್ತಾಗಿ, ಮನಸ್ಸಲ್ಲಿ ಮೊದಲೇ ಅನುಮಾನ ಇಟ್ಟುಕೊಂಡು, ಒಂದು ‘ನೋಡೋಣ’ದೊಳಗೆ ಕೋಪ ಇದೆಯೋ ಇಲ್ಲವೋ ಎಂದು ಹುಡುಕಿದರೆ ನಿಮಗೆ ಸಿಗುವುದು ನಿಮ್ಮ ಅನುಮಾನವೇ.

ಹೇಗೂ ಓದುತ್ತೀರಲ್ಲ, ಒಂದು ಸಂಜೆ ಬೇರೆ ಥರ ಓದಿ. ದನಿ ಬಿಟ್ಟುಬಿಡಿ. ಅವರು ‘ನೋಡೋಣ’ ಎಂದ ಹಳೆಯ ಮೆಸೇಜ್‌ಗಳನ್ನೆಲ್ಲ ತೆಗೆದು, ಆ ಕೆಲಸಗಳು ಆಮೇಲೆ ಏನಾದವು ಎಂದು ಬರೆದುಕೊಳ್ಳಿ. ಎಷ್ಟು ಒಪ್ಪಿಗೆಯಾದವು, ಎಷ್ಟು ಅಲ್ಲೇ ನಿಂತವು, ಯಾವುದನ್ನು ನೀವು ಮತ್ತೆ ಕೇಳಿದ ಮೇಲೆ ಮಾಡಿಕೊಟ್ಟರು. ಕೆಲವರ ‘ನೋಡೋಣ’ ಅಂದರೆ ಬೇಡ ಅಂತ, ಕೆಲವರದು ನಿಜಕ್ಕೂ ನೋಡೋಣ ಅಂತ, ಇನ್ನು ಕೆಲವರದು ‘ನೆನಪಿಸಿದರೆ ಮಾಡುತ್ತೇನೆ’ ಅಂತ. ನಿಮ್ಮವರದು ಯಾವುದು ಅನ್ನುವುದು ಅವರು ಮಾಡಿದ್ದರಲ್ಲಿ ಸಿಗುತ್ತದೆ. ಆರು ತಿಂಗಳ ಮೆಸೇಜ್‌ಗಳು ಇದಕ್ಕೆ ಧಾರಾಳ ಸಾಕು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಮಾತು ‘ಕಾಲ್ ಮಾಡಿ’. ಅದನ್ನೂ ನೀವು ಬೈಗುಳದ ಪಟ್ಟಿಗೆ ಸೇರಿಸಿದ್ದೀರಿ! ನನಗದು ಅವರು ತಾವಾಗಿಯೇ ಕೊಟ್ಟ ಸುಳಿವಿನ ಹಾಗೆ ಕಾಣುತ್ತದೆ. ಮ್ಯಾನೇಜ್‌ಮೆಂಟ್ ಬಗ್ಗೆ ಬಹಳ ಬರೆದ ಪೀಟರ್ ಡ್ರಕರ್ ಜನರನ್ನು ಓದುವವರು, ಕೇಳುವವರು ಎಂದು ಎರಡು ಥರ ಮಾಡುತ್ತಿದ್ದರು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಓದುವವರು, ಅವರಿಗಿಂತ ಮುಂಚಿನ ರೂಸ್‌ವೆಲ್ಟ್ ಮತ್ತು ಟ್ರೂಮನ್ ಕೇಳುವವರು ಎಂಬುದು ಅವರೇ ಕೊಟ್ಟ ಉದಾಹರಣೆ. ಓದುವವರಿಗೆ ಮೊದಲು ಕಾಗದ ಕೊಟ್ಟು ಆಮೇಲೆ ಮಾತಾಡಬೇಕು. ಕೇಳುವವರಿಗೆ ಮೊದಲು ಬಾಯಲ್ಲಿ ಹೇಳಿ ಆಮೇಲೆ ಕಾಗದ. ಎಲ್ಲರೂ ಈ ಎರಡು ಡಬ್ಬಿಯಲ್ಲಿ ಕೂರುತ್ತಾರೆ ಅಂತ ನಾನು ನಂಬುವುದಿಲ್ಲ, ಆದರೂ ನಿಮ್ಮ ಮ್ಯಾನೇಜರ್ ಕೇಳುವವರೇ ಇರಬೇಕು. ನಿಮ್ಮ ಹಳೆಯವರು ಓದುವವರು. ಅವರಿಗೆ ಹಿಡಿಸುತ್ತಿದ್ದ ಉದ್ದನೆಯ ಮೇಲನ್ನೇ ನೀವು ಇವರಿಗೂ ಕಳಿಸುತ್ತಿದ್ದೀರಿ, ಇವರು ಅರ್ಧಕ್ಕೇ ಬಿಡುತ್ತಿದ್ದಾರೆ.

ಹಾಗಾಗಿ ಮುಂದಿನ ಸಲ ಹತ್ತು ನಿಮಿಷ ಮಾತಾಡಿ. ಮಾತು ಮುಗಿದ ಕೂಡಲೇ ಎರಡು ಸಾಲು ಬರೆದು ಕಳಿಸಿ: ‘ಈಗ ಮಾತಾಡಿದ ಪ್ರಕಾರ ಎರಡನೆಯ ದಾರಿ, ಸೋಮವಾರ ಶುರು. ನಾನು ತಪ್ಪು ತಿಳಿದಿದ್ದರೆ ನಾಳೆ ಸಂಜೆಯೊಳಗೆ ಹೇಳಿ.’ ಉತ್ತರ ಬರದಿದ್ದರೆ ಮುಂದುವರಿಯಿರಿ. ಆದರೆ ದುಡ್ಡಿನ ವಿಷಯ, ಹೊರಗಿನವರಿಗೆ ಮಾತು ಕೊಡುವ ವಿಷಯ, ಒಮ್ಮೆ ಮಾಡಿದರೆ ವಾಪಸ್ ತೆಗೆಯಲಾಗದ್ದು ಇವುಗಳಲ್ಲಿ ಈ ಜಾಣತನ ಬೇಡ. ಅಲ್ಲಿ ಸ್ಪಷ್ಟವಾಗಿ ಹೌದು ಅನ್ನುವವರೆಗೆ ಕಾಯಲೇಬೇಕು, ಬೇಕಾದರೆ ಎರಡು ಸಲ ನೆನಪಿಸಿ.

‘ನನ್ನ ಮೇಲೆ ಕೋಪವಾ’ ಎಂದು ಕೇಳಬೇಡಿ. ನಿಜವಾಗಿ ಕೋಪ ಇದ್ದರೂ ‘ಛೆ, ಏನೂ ಇಲ್ಲ’ ಅಂತಾರೆ, ಇಲ್ಲದಿದ್ದರೂ ಅದನ್ನೇ ಅಂತಾರೆ. ಆ ರಾತ್ರಿ ನೀವು ಆ ‘ಛೆ’ಯನ್ನು ಬಿಡಿಸುತ್ತಾ ಕೂರುತ್ತೀರಿ! ಕೆಲಸದ ಬಗ್ಗೆ ಕೇಳಿ. ‘ನಿಮಗೆ ವಿಷಯ ಮೇಲ್‌ನಲ್ಲಿ ಬೇಕಾ, ಮಾತಲ್ಲಿ ಬೇಕಾ? ಯಾವುದನ್ನು ನಿಮ್ಮನ್ನು ಕೇಳದೆ ನಾನೇ ತೀರ್ಮಾನಿಸಬಹುದು? ಕಳೆದ ರಿಪೋರ್ಟ್‌ನಲ್ಲಿ ಒಂದು ಬದಲಿಸಬೇಕು ಅಂದರೆ ಯಾವುದು?’ ಕೊನೆಯದು ಬಹಳ ಮುಖ್ಯ. ಹೊಗಳುವ ಅಭ್ಯಾಸ ಇಲ್ಲದವರ ಹತ್ತಿರ ‘ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಅನ್ನುವುದಕ್ಕಿಂತ ಜಾಸ್ತಿ ಏನೂ ಹೊರಡುವುದಿಲ್ಲ. ಒಂದು ತಪ್ಪು ಹೇಳಿ ಅಂದರೆ ಹೇಳುತ್ತಾರೆ. ಬರೀ ಒಂದೇ ಸಿಕ್ಕಿತು, ಅದೂ ಚಿಕ್ಕದು ಅಂದರೆ ನಿಮ್ಮ ಕೆಲಸದ ಬಗ್ಗೆ ಅವರ ಅಭಿಪ್ರಾಯ ಏನೆಂದು ಗೊತ್ತಾಯಿತಲ್ಲ.

ಎಲ್ಲರೆದುರು ಆ ಪ್ರಶ್ನೆ ಕೇಳಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿರಬಹುದು, ಇರಲಿ. ಒಬ್ಬರೇ ಸಿಕ್ಕಾಗ ಹೇಳಿ: ‘ಅವತ್ತು ಮೀಟಿಂಗ್‌ನಲ್ಲಿ ಆ ಪ್ರಶ್ನೆ ಬಂದಾಗ ನನಗೆ ಮುಜುಗರವಾಯಿತು. ಇಂಥದ್ದಿದ್ದರೆ ಮೊದಲು ನನ್ನನ್ನೇ ಕೇಳಿ.’ ದೂರಿನ ದನಿ ಬೇಡ, ಕ್ಷಮೆ ಕೇಳುವ ದನಿಯೂ ಬೇಡ. ಆಮೇಲೆ ಏನು ಮಾಡುತ್ತಾರೆ ನೋಡಿ. ಹಾಗೆಯೇ ಉಳಿದವರ ಜೊತೆ ಹೇಗಿದ್ದಾರೆ ಅನ್ನುವುದನ್ನೂ ಗಮನಿಸಿ. ಎಲ್ಲರಿಗೂ ‘ಓಕೆ.’ ಎಂದೇ ಬರೆಯುತ್ತಿದ್ದರೆ ಅದು ಅವರ ರೀತಿ, ನಿಮಗೂ ಅದಕ್ಕೂ ಸಂಬಂಧ ಇಲ್ಲ. ಪಕ್ಕದವರ ಜೊತೆ ಅರ್ಧ ಗಂಟೆ ಮಾತು, ನಿಮಗೆ ಮಾತ್ರ ಒಂದು ಪದ, ನೀವು ಕೇಳಿಕೊಂಡ ಮೇಲೂ ಮೀಟಿಂಗ್‌ನಲ್ಲಿ ಮತ್ತೆ ಅದೇ ಅವಮಾನ ಅಂತಾದರೆ ಅದಕ್ಕೆ ‘ಮಾತಿನ ಶೈಲಿ’ ಎಂದು ಹೆಸರಿಟ್ಟು ಸಹಿಸಬೇಕಾಗಿಲ್ಲ. ತಾರೀಖು ಹಾಕಿ ಬರೆದಿಟ್ಟುಕೊಳ್ಳಿ, ಎಚ್‌ಆರ್ ಹತ್ತಿರ ಹೋಗಿ.

ಟೀಮ್ ಬದಲಿಸುವ ಮಾತನ್ನು ಎರಡು ತಿಂಗಳು ಮುಂದಕ್ಕೆ ಹಾಕಿ. ಅಷ್ಟರಲ್ಲಿ ಮೇಲೆ ಹೇಳಿದ ಥರ ಕೇಳಿ, ಮಾತಾಡಿ, ಬರೆದು ನೋಡಿ. ಉತ್ತರ ಚುಟುಕಾಗಿಯೇ ಇದ್ದರೂ ಕೆಲಸ ನಡೆಯುತ್ತಿದ್ದರೆ ಬಿಡುವ ಕಾರಣ ಉಳಿಯುವುದಿಲ್ಲ. ಸ್ಪಷ್ಟವಾಗಿ ಕೇಳಿದರೂ ತೀರ್ಮಾನ ಸಿಗುತ್ತಿಲ್ಲ, ಆಮೇಲೆ ತಪ್ಪು ಮಾತ್ರ ನಿಮ್ಮ ತಲೆಗೇ ಬರುತ್ತಿದೆ ಅಂದರೆ ಆಗ ಬೇರೆ ಟೀಮ್ ಕೇಳಿ.