ಗ್ಯಾರೇಜಿನ ಎಣ್ಣೆ ಕುಡಿದ ಮಣ್ಣಿಗೆ ಬ್ಯಾಕ್ಟೀರಿಯಾ ಸುರಿದರೆ ಸಾಕಾ?

ಬದಿಯಡ್ಕ ಕಡೆ ಜಾಗ ತೆಗೆದುಕೊಂಡಿದ್ದೀರಿ, ಅಲ್ಲಿ ಮೊದಲು ಗ್ಯಾರೇಜು ಇತ್ತು, ಮಣ್ಣೆಲ್ಲ ಕರಿ ಆಯಿಲ್. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ತಂದು ಸುರಿದರೆ ಅಡಿಕೆ ಸಸಿ ನೆಡಬಹುದಾ ಅಂತ ಕೇಳಿದ್ದೀರಿ. ತರುವುದೇ ಬೇಡ. ಅವು ಆಗಲೇ ಅಲ್ಲಿವೆ.

ಎಂಎಸ್ಸಿಯಲ್ಲಿ ನನ್ನ ಪ್ರಾಜೆಕ್ಟ್ ಇದೇ. ಕುಂಬಳೆಯ ಹೆದ್ದಾರಿ ಬದಿಯ ಗ್ಯಾರೇಜಿನ ಮಣ್ಣನ್ನು, ಸೀಮೆಎಣ್ಣೆ ಬಿಟ್ಟರೆ ಬೇರೆ ಆಹಾರವೇ ಇಲ್ಲದ ಲವಣದ ನೀರಿಗೆ ಹಾಕಿ ಕುಲುಕುತ್ತಿದ್ದೆವು. ಬದುಕಿದವುಗಳಲ್ಲಿ ಹಸಿರು ಬಣ್ಣ ಬಿಡುವ ಸ್ಯೂಡೋಮೊನಾಸ್ ಜಾಸ್ತಿ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಬ್ಯಾಕ್ಟೀರಿಯಾ ಇರುವುದು ನೀರಿನಲ್ಲಿ. ಹಾಗಾಗಿ ಅದು ರಾಮ್ನೋಲಿಪಿಡ್ ಎಂಬ ಸಾಬೂನಿನ ಗುಣದ ವಸ್ತುವನ್ನು ತಾನೇ ಮಾಡಿಕೊಳ್ಳುತ್ತದೆ. ಜೈವಿಕ ಸರ್ಫ್ಯಾಕ್ಟಂಟ್ ಅಂದರೆ ಇದೇ. ನೀರನ್ನು ಉರುಟು ಹನಿಯಾಗಿ ಹಿಡಿದಿಡುವ ಮೇಲ್ಮೈ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್ ಇದ್ದದ್ದು 30ರ ಆಸುಪಾಸಿಗೆ ಇಳಿಯುತ್ತದೆ. ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ಅದರ ಬಾಯಿಗೆ ಸಿಗುತ್ತದೆ. ಪರೀಕ್ಷೆಯೂ ಸುಲಭ. ಎಣ್ಣೆ ಸವರಿದ ತಟ್ಟೆಗೆ ಬ್ಯಾಕ್ಟೀರಿಯಾ ಬೆಳೆದ ನೀರಿನ ಒಂದು ಹನಿ ಬಿಟ್ಟರೆ ಚಪ್ಪಟೆಯಾಗಿ ಹರಡುತ್ತದೆ. ಸರ್ಫ್ಯಾಕ್ಟಂಟ್ ಇಲ್ಲದಿದ್ದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಟಾಗಿ ನಿಲ್ಲುತ್ತದೆ.

ಇದನ್ನು ಓದಿ ಡ್ರಮ್ಮಿನಲ್ಲಿ ಬೆಳೆಸಲು ಹೊರಡಬೇಡಿ ಮಾರಾಯ್ರೆ. ಇದೇ ಗುಂಪಿನ ಸ್ಯೂಡೋಮೊನಾಸ್ ಏರುಜಿನೋಸಾ ಸುಟ್ಟ ಗಾಯಕ್ಕೆ ಸೋಂಕು ಹತ್ತಿಸುವ ಜಾತಿ.

ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ. ಕೊರತೆ ಇರುವುದು ಸಾರಜನಕ, ರಂಜಕ ಮತ್ತು ಗಾಳಿಯದ್ದು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ದಡಕ್ಕೆ ಬಂದಾಗಲೂ ಗೊಬ್ಬರ ಹಾಕಿ ಅಲ್ಲಿನ ಬ್ಯಾಕ್ಟೀರಿಯಾವನ್ನೇ ಚುರುಕು ಮಾಡಿದ್ದರು. ನೀವು ಎಣ್ಣೆ ಹಿಡಿದ ಮಣ್ಣನ್ನು ಅಗೆದು ದಪ್ಪ ಟಾರ್ಪಾಲಿನ ಮೇಲೆ ಹರಡಿ. ಹಟ್ಟಿಗೊಬ್ಬರ, ಸ್ವಲ್ಪ ಯೂರಿಯಾ, ರಾಕ್ ಫಾಸ್ಫೇಟ್, ತೆಂಗಿನ ನಾರಿನ ಹುಡಿ ಬೆರೆಸಿ. ಪಸೆ ಆರದ ಹಾಗೆ ನೋಡಿಕೊಂಡು ಆಗಾಗ ಮಗುಚಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಿದರೆ ಆಗದು.

ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ತುಂಬ ತೂತು. ಸರ್ಫ್ಯಾಕ್ಟಂಟ್ ಬಿಡಿಸಿದ ಎಣ್ಣೆ ಮಳೆನೀರಿನ ಜೊತೆ ಇಳಿದು ಬಾವಿಗೋ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೋ ಸೇರಬಹುದು, ಅಲ್ವಾ? ಅಂಟಿಕೊಂಡು ಕೂತ ಎಣ್ಣೆಗಿಂತ ಅದು ಕೆಟ್ಟದ್ದು. ಬಾಟಲಿಯ ಬ್ಯಾಕ್ಟೀರಿಯಾ ದ್ರಾವಣ ತಂದು ನೇರ ನೆಲಕ್ಕೆ ಸುರಿಯಬೇಡಿ ಅನ್ನುವುದೂ ಇದಕ್ಕೇ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಶುರು ಮಾಡಿ.

ಕರಿ ಆಯಿಲಿನಲ್ಲಿ ಸತು, ಸೀಸದಂಥ ಲೋಹಗಳೂ ಇರಬಹುದು. ಅವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸುವುದಿಲ್ಲ. ಸಸಿ ನೆಡುವ ಮೊದಲು ಮಣ್ಣು ಪರೀಕ್ಷೆಗೆ ಕೊಡಿ, ಲೋಹದ್ದೂ ನೋಡಬೇಕು ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಸುಮ್ನೆ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಮಾತ್ರ ಬರೆದು ಕೊಟ್ಟುಬಿಡುತ್ತಾರೆ.