ವಿಮಾನದ ಇತಿಹಾಸ ಕಲಿಸೋಕೆ ಹಾವು-ಏಣಿ ಬೇಡ, ರಟ್ಟಿನ ಡಬ್ಬ ಸಾಕು

ಐದನೇ ತರಗತಿಯ ಮಕ್ಕಳಿಗೆ ವಿಮಾನದ ಆರಂಭದ ಇತಿಹಾಸವನ್ನು ಹಾವು-ಏಣಿ ಆಟದಲ್ಲಿ ಕಲಿಸಬೇಕು, ಯಾವ ಮನೆಗೆ ಯಾವ ಇಸವಿ ಹಾಕಲಿ ಅಂತ ಕೇಳಿದ್ದೀರಿ. ಯಾವ ಇಸವಿಯನ್ನೂ ಹಾಕಬೇಡಿ. ಡ್ರಾಯಿಂಗ್ ಶೀಟಿನಲ್ಲಿ ನೂರು ಮನೆ ಬರೆದು ಇದೇ ಆಟವನ್ನು ನಾನೂ ಆಡಿಸಿದ್ದೆ. ಮುಗಿದ ಮೇಲೆ, ರೈಟ್ ಸಹೋದರರ ಕಾಲದಲ್ಲೇ ವಿಮಾನ ಹಾರಿಸಲು ಹೊರಟಿದ್ದ ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿಯ ಹೆಸರೆತ್ತಿ, "ಲ್ಯಾಂಗ್ಲಿಯ ವಿಮಾನ ನದಿಗೆ ಯಾಕೆ ಬಿತ್ತು?" ಅಂದಾಗ ಒಬ್ಬ ಹುಡುಗಿ ಎದ್ದು ನಿಂತು, "ಅವರಿಗೆ ದಾಳ ಸರಿಯಾಗಿ ಬೀಳಲಿಲ್ಲ" ಅಂದಳು. ಅವಳು ತಪ್ಪು ಹೇಳಲಿಲ್ಲ. ಆಟ ಕಲಿಸಿದ್ದೇ ಅದನ್ನು.

ತಪ್ಪಿದ್ದದ್ದು ಹಾವಿನಲ್ಲಿ. ಸೋತ ಪ್ರಯತ್ನಗಳಿಗೆಲ್ಲ ಹಾವು, ಗೆದ್ದವಕ್ಕೆಲ್ಲ ಏಣಿ ಬರೆದಿದ್ದೆ. ಜರ್ಮನಿಯ ಲಿಲಿಯೆಂಥಾಲ್ 1896ರಲ್ಲಿ ಗ್ಲೈಡರಿನಿಂದ, ಅಂದರೆ ಎಂಜಿನ್ ಇಲ್ಲದ ವಿಮಾನದಿಂದ, ಬಿದ್ದು ಸತ್ತದ್ದು ನನ್ನ ಆಟದಲ್ಲಿ ಉದ್ದನೆಯ ಹಾವು. ಅಲ್ಲಿ ಬಂದ ಕಾಯಿ ಸೀದಾ ಕೆಳಗಿನ ಸಾಲಿಗೆ. ಆದರೆ ನಿಜದಲ್ಲಿ ಆ ಸಾವಿನಿಂದ ಯಾರೂ ಕೆಳಗಿಳಿಯಲಿಲ್ಲ. ಸುಮಾರು ಎರಡು ಸಾವಿರ ಸಲ ಗುಡ್ಡದಿಂದ ಹಾರಿ ಅವನು ಬಿಟ್ಟುಹೋದ ಲೆಕ್ಕದ ಪಟ್ಟಿ ಹಿಡಿದುಕೊಂಡೇ ರೈಟ್ ಸಹೋದರರು ಶುರುಮಾಡಿದ್ದು. 1901ರ ಅವರ ಗ್ಲೈಡರ್ ಲೆಕ್ಕ ಹೇಳಿದಷ್ಟು ಮೇಲೇಳಲಿಲ್ಲ. ನನ್ನ ಆಟದಲ್ಲಿ ಅದೂ ಒಂದು ಹಾವು. ಅದೇ ಸೋಲು ಅವರ ಕೈಯಲ್ಲಿ ಆರು ಅಡಿ ಉದ್ದದ ಗಾಳಿ ಸುರಂಗ (ಒಳಗೆ ಗಾಳಿ ಹಾಯಿಸಿ ರೆಕ್ಕೆ ಪರೀಕ್ಷಿಸುವ ಪೆಟ್ಟಿಗೆ) ಕಟ್ಟಿಸಿತು, ಅದರಲ್ಲಿ ನೂರಾರು ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸುವಂತೆ ಮಾಡಿತು. ರೆಕ್ಕೆ ಎಷ್ಟು ಭಾರ ಎತ್ತುತ್ತದೆ ಅಂತ ಲೆಕ್ಕ ಹಾಕಲು ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಗಾಳಿಯ ಒತ್ತಡದ ಗುಣಾಂಕ 0.005 ಅಲ್ಲ, 0.0033ರ ಹತ್ತಿರ ಅಂತ ಅವರು ಕಂಡುಕೊಂಡರು. 1902ರ ಗ್ಲೈಡರ್ ಹುಟ್ಟಿದ್ದು ಹೀಗೆ. ಈ ಇತಿಹಾಸದ ಬೆನ್ನೆಲುಬನ್ನೇ ನಾನು ಹಾವು ಅಂತ ಬರೆದು ಮಕ್ಕಳಿಗೆ ಹೆದರಿಸಿದ್ದೆ. ಅದರ ಮೇಲೆ ದಾಳ ಬೇರೆ. ದಾಳ ಇದ್ದಲ್ಲಿ ಮಗು ಯೋಚಿಸುವ ಅಗತ್ಯವೇ ಇಲ್ಲ, ಉರುಳಿಸಿದರಾಯಿತು.

ಹಾಗಾಗಿ ದಾಳ ತೆಗೆಯಿರಿ. ಒಂದೇ ನಿಯಮ ಇಡಿ: ಪ್ರಯತ್ನ ಸೋತರೆ, ಏನು ಕೆಟ್ಟಿತು ಅಂತ ತಂಡ ಒಂದು ಸಾಲು ಬರೆದುಕೊಡಬೇಕು, ಬರೆದುಕೊಟ್ಟರೆ ಒಂದು ಸುಳಿವು ಚೀಟಿ. ಮೂರು ಚೀಟಿ ಸೇರುವ ತನಕ ಎಂಜಿನ್ ಇಲ್ಲ.

ಐದೈದು ಮಕ್ಕಳ ಎರಡು ತಂಡ ಸಾಕು. ದುಡ್ಡಿನ ಬದಲು ಹುಣಸೆ ಬೀಜ. ಲ್ಯಾಂಗ್ಲಿ ತಂಡಕ್ಕೆ 50, ರೈಟ್ ತಂಡಕ್ಕೆ 1. ಅಮೆರಿಕದ ಯುದ್ಧ ಇಲಾಖೆ ಲ್ಯಾಂಗ್ಲಿಗೆ ಕೊಟ್ಟದ್ದು 50,000 ಡಾಲರ್, ರೈಟ್ ಸಹೋದರರ ಖರ್ಚು ಸಾವಿರ ಡಾಲರಿನ ಆಸುಪಾಸು. ಲ್ಯಾಂಗ್ಲಿ ತಂಡಕ್ಕೆ ಮಾತ್ರ ಚೀಟಿಯ ನಿಯಮ ಬೇಡ, ಬೀಜ ಕೊಟ್ಟು ಮೊದಲೇ ಎಂಜಿನ್ ಕೊಳ್ಳಲಿ. ಅವರ 52 ಅಶ್ವಶಕ್ತಿಯ ಎಂಜಿನ್ ನಿಜಕ್ಕೂ ಅದ್ಭುತವಾಗಿತ್ತು, ರೈಟ್‌ರದ್ದು ಬರೀ 12. ಆದರೆ ಓಡಿಸಲು ಕೂತವನಿಗೆ ಗಾಳಿಯಲ್ಲಿ ಹಾರಿ ಅಭ್ಯಾಸವೇ ಇರಲಿಲ್ಲ. 1903ರ ಅಕ್ಟೋಬರ್ 7ಕ್ಕೆ ಒಮ್ಮೆ, ಡಿಸೆಂಬರ್ 8ಕ್ಕೆ ಇನ್ನೊಮ್ಮೆ ವಿಮಾನ ಪೊಟೊಮ್ಯಾಕ್ ನದಿಗೆ ಬಿತ್ತು.

ಮೊದಲ ಚೀಟಿ ಟೂತ್‌ಪೇಸ್ಟ್ ಡಬ್ಬದ್ದು. ಎರಡೂ ತುದಿಯ ಮುಚ್ಚಳಗಳನ್ನು ಪೂರ್ತಿ ಕತ್ತರಿಸಬೇಕು, ಮುಚ್ಚಳದ ಒಂದು ಕಿವಿ ಉಳಿದರೂ ಡಬ್ಬ ಬಿಗಿದುಕೊಳ್ಳುತ್ತದೆ, ತಿರುಚಲು ಬರುವುದಿಲ್ಲ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಬಟ್ಟೆ ಹಿಂಡುವ ಹಾಗೆ ಆದರೆ ಮೆತ್ತಗೆ, ಎದುರುಬದುರು ತಿರುಗಿಸಿ. ಮೇಲಿನ ಮೈ, ಕೆಳಗಿನ ಮೈ ಎರಡು ರೆಕ್ಕೆ ಅಂದುಕೊಳ್ಳಿ. ಒಂದು ಬದಿಯ ಅಂಚು ಮೇಲೇಳುತ್ತದೆ, ಇನ್ನೊಂದರದು ಇಳಿಯುತ್ತದೆ. 1899ರಲ್ಲಿ ಸೈಕಲ್ ಟ್ಯೂಬಿನ ಖಾಲಿ ಡಬ್ಬ ತಿರುಚುತ್ತಾ ರೈಟ್ ಸಹೋದರರಲ್ಲಿ ಹಿರಿಯನಾದ ವಿಲ್ಬರ್‌ಗೆ ಹೊಳೆದದ್ದು ಇದೇ: ತಂತಿ ಎಳೆದು ರೆಕ್ಕೆಯನ್ನು ಹೀಗೆ ತಿರುಚಿದರೆ ವಾಲುವ ವಿಮಾನವನ್ನು ಸಮ ಮಾಡಬಹುದು. ಬಾಯಲ್ಲಿ ವಿವರಿಸಬೇಡಿ, ಡಬ್ಬ ಅವರ ಕೈಗೇ ಕೊಡಿ.

ಎರಡನೆಯದು ಫ್ಯಾನಿನದು, ಹೆಚ್ಚು ಎಡವಟ್ಟಾಗುವುದೂ ಇಲ್ಲೇ. ಟೇಬಲ್ ಫ್ಯಾನಿನ ಗಾಳಿ ಸುತ್ತುತ್ತಾ ಬರುತ್ತದೆ, ನೇರ ಇಟ್ಟರೆ ರೆಕ್ಕೆ ಬರೀ ಒದ್ದಾಡುತ್ತದೆ. 10 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಗಳಿಗೆ 3 ಸೆಂ.ಮೀ.ಗೊಂದು ಕಚ್ಚು ಕೊಯ್ದು, ಒಂದಕ್ಕೊಂದು ಸಿಕ್ಕಿಸಿ, ಎರಡೂ ಕಡೆ ತೆರೆದ 30 ಸೆಂ.ಮೀ. ಚೌಕದ ಡಬ್ಬದೊಳಗೆ ಜಾಲರಿಯಂತೆ ಕೂರಿಸಿ. ಫ್ಯಾನ್ ಹಿಂದೆ, ತಕ್ಕಡಿ ಮುಂದೆ. ತಕ್ಕಡಿಗೆ 30 ಸೆಂ.ಮೀ. ಮರದ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ನಡುಮಧ್ಯೆ ಮೇಲಿನ ಅಂಚಿಗೆ ಹತ್ತಿರ ತೂತು ಕೊರೆದು ಸೈಕಲ್ ಕಡ್ಡಿ ತೂರಿಸಿ. ತೂತು ಕೆಳಗಿಳಿದರೆ ತಕ್ಕಡಿ ನಿಲ್ಲುವುದೇ ಇಲ್ಲ, ಒಂದು ಕಡೆಗೆ ಮಗುಚಿಕೊಳ್ಳುತ್ತದೆ. (ರೈಟ್ ಸಹೋದರರ ತಕ್ಕಡಿಯಲ್ಲೂ ಸೈಕಲ್ ಕಡ್ಡಿಯ ತಂತಿ ಇತ್ತು, ಜೊತೆಗೆ ಗರಗಸದ ಬ್ಲೇಡಿನ ಚೂರು.) ಕಾರ್ಡ್‌ಶೀಟಿನಲ್ಲಿ 12×5 ಸೆಂ.ಮೀ.ಯ ಎರಡು ರೆಕ್ಕೆ ಮಾಡಿ: ಒಂದು ಚಪ್ಪಟೆ, ಒಂದಕ್ಕೆ ನಡುವೆ 4 ಮಿ.ಮೀ. ಉಬ್ಬು. ಫ್ಯಾನಿನ ಕಡೆಯ ತುದಿಗೆ ಒಂದೊಂದನ್ನೇ ಅಂಟಿಸಿ, ಎರಡಕ್ಕೂ ಮುಂದಿನ ಅಂಚಿನಡಿ ಎರಡೆರಡು ಬೆಂಕಿಕಡ್ಡಿಯಷ್ಟೇ ಎತ್ತರ ಕೊಡಿ. ಆ ಕಡೆ ಮಣ್ಣಿನುಂಡೆಯಿಂದ ಸಮ ಮಾಡಿ ಫ್ಯಾನ್ ಹಾಕಿ. ರೆಕ್ಕೆ ಎದ್ದ ಮೇಲೆ ಅದರ ಕಡೆಗೆ ಜೆಮ್ ಕ್ಲಿಪ್ ಸಿಕ್ಕಿಸುತ್ತಾ ಹೋಗಿ. ಸ್ಕೇಲು ಮಟ್ಟಕ್ಕೆ ಬಂದಾಗ ಮಾತ್ರ ಎಣಿಸಬೇಕು. ವಾಲಿದ್ದಾಗ ರೆಕ್ಕೆಯ ಓರೆ ಬದಲಾಗಿರುತ್ತದೆ, ಲೆಕ್ಕ ಸುಳ್ಳು.

ಮೂರನೆಯದು ಬಾಲದ್ದು. 1902ರ ಗ್ಲೈಡರಿನ ಬಾಲ ಮೊದಲು ಅಲ್ಲಾಡುತ್ತಿರಲಿಲ್ಲ, ತಿರುಗುವಾಗ ಒಂದು ರೆಕ್ಕೆ ಮರಳಿಗೆ ಬಡಿದು ಸುತ್ತುತ್ತಿತ್ತು. ಸಹೋದರರು ಅದಕ್ಕೆ ಬಾವಿ ತೋಡುವುದು ಅನ್ನುತ್ತಿದ್ದರು. ಆ ಹೆಸರು ಹೇಳಿ, ಬಾಲವನ್ನು ಏನು ಮಾಡಬಹುದು ಅಂತ ಕೇಳಿ ಸುಮ್ಮನಿರಿ. "ಬಾಲವೂ ಅಲ್ಲಾಡಲಿ" ಅಂತ ಯಾರಾದರೂ ಅಂದರೆ ಚೀಟಿ ಕೊಡಿ.

ಕೊನೆಯ ಆಟ ಮೈದಾನದಲ್ಲಿ. ಟೇಪು ಹಿಡಿದು 120 ಅಡಿಗೆ ಒಂದು ಗೆರೆ, 852 ಅಡಿಗೆ ಇನ್ನೊಂದು. ಮೈದಾನ ಚಿಕ್ಕದಾದರೆ ಎರಡನೆಯದನ್ನು ಸುತ್ತು ಹಾಕಿಸಿ. ಮೊದಲ ಗೆರೆಗೆ 12 ಸೆಕೆಂಡ್, ಎರಡನೆಯದಕ್ಕೆ 59: 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಮೊದಲ ಮತ್ತು ನಾಲ್ಕನೇ ಹಾರಾಟ. ಮಕ್ಕಳು ಮೊದಲ ಗೆರೆಯನ್ನು 12 ಸೆಕೆಂಡಿಗೆ ಮುಂಚೆಯೇ ಮುಟ್ಟಿ "ವಿಮಾನಕ್ಕಿಂತ ನಾವೇ ಜೋರು" ಅನ್ನುತ್ತಾರೆ. ಆಗ ಎದುರುಗಾಳಿಯ ಮಾತು ತೆಗೆಯಿರಿ. ಆ ಬೆಳಗ್ಗೆ ಗಂಟೆಗೆ ಇಪ್ಪತ್ತು ಮೈಲಿಗಿಂತ ಜೋರಾದ ಗಾಳಿ ಎದುರಿನಿಂದ ಬೀಸುತ್ತಿತ್ತು. ದೊಡ್ಡ ರಟ್ಟೊಂದನ್ನು ಎದೆಗೆ ಅಡ್ಡ ಹಿಡಿಸಿ ಮತ್ತೆ ಓಡಿಸಿ.

ಬೆಂಗಳೂರಿನವರಾದರೆ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಇದೆಲ್ಲ ಆಡಿಸಿದ ಮೇಲೆ ಕರೆದುಕೊಂಡು ಹೋಗಿ, ಮೊದಲೇ ಬೇಡ. ಡಬ್ಬ ತಿರುಚಿದ ಕೈಗಳು ಅಲ್ಲಿ ತಾವಾಗಿಯೇ ರೆಕ್ಕೆಯ ತುದಿಯ ತಂತಿಗಳತ್ತ ಬೆರಳು ತೋರಿಸುತ್ತವೆ.